ಕಾಲಳತೆ

ಬಾಡಿಗೆ ಬೂಟಿಗೆ ಈಗಲೇ ಅಳತೆ ಕಳಿಸಬೇಕಂತೆ, ಸೆಂಟಿಮೀಟರಿನಲ್ಲಿ.
ಹಳೇ ಪೇಪರು ಹಾಸಿ, ಪೆನ್ಸಿಲ್ ಹಿಡಿದು
ನಡುಮನೆಯಲ್ಲಿ ಮಂಡಿಯೂರಿದ್ದೇನೆ.
ಹೊರಗೆ ದುರ್ಗದ ಏಪ್ರಿಲ್ಲು.
ಫ್ಯಾನು ಜಪಾನಿನ ಅಂಚನ್ನು ಎತ್ತಿ ಎತ್ತಿ ಬಿಡುತ್ತದೆ.

ಇವರದು ಇಪ್ಪತ್ತಾರೂವರೆ.
ಚಿಕ್ಕವಳದು ಹತ್ತೊಂಬತ್ತು.
'ಜನವರಿಗೆ ಬೆಳೆದಿರ್ತೀನಲ್ಲ?'
ಅರ್ಧ ಸೇರಿಸಿದೆ.
ಟಿಕೆಟ್ಟಿನ ಲೆಕ್ಕಕ್ಕೆ ಸೇರಿಸಲು ಇನ್ನೇನೂ ಇಲ್ಲ:
ಎರಡು ಚೀಟಿ, ಗಾಳಿಯಂತ್ರದವರು ಕೊಡಬೇಕಾದ
ಕ್ರೇನಿನ ಬಾಕಿ, ಅಷ್ಟೇ.

'ನಾನು ಕೂತು ನೋಡ್ತೀನಿ' ಅಂದಿದ್ದ ಅತ್ತೆ ಪಾಲಮ್ಮ
ಸೀರೆ ಎತ್ತಿ ಪಾದ ಇಟ್ಟರು.
ಒಡೆದ ಹಿಮ್ಮಡಿಯಲ್ಲಿ ಪೆನ್ಸಿಲ್ಲು ಎರಡು ಸಲ ತೊಡರಿತು.
ಕಾಲುಂಗುರ ಬೂಟಿನೊಳಗೆ ಹಿಡಿಸುತ್ತದೋ?
ಫಾರಂ ಅದನ್ನು ಕೇಳಿಲ್ಲ.

ಕೇಳಿರುವುದು: ಜಾರಿ ಅಭ್ಯಾಸ ಇದೆಯೇ?
ಎಲ್ಲರಿಗೂ 'ಇಲ್ಲ' ಒತ್ತುತ್ತಿದ್ದೆ.
'ನಂಗೆ ಐತೆ ಅಂತ ಬರಿ.
ಬೆಟ್ಟದ ಹಿಂದ್ಲ ಜಾರುಬಂಡೆ.
ತಂಗಡಿ ಸೊಪ್ಪು ಕುಂಡಿಗಿಟ್ಕಂಡು ಮೇಲಿಂದ ಒಂದೇ ಏಟ್ಗೆ!
ಲಂಗ ಹರಿದು, ಮನೇಲಿ ಅವ್ವನ ಏಟು ಬೇರೆ.'

ಎಷ್ಟು ವರ್ಷದ ಅನುಭವ?
ಇದೂ ಫಾರಮ್ಮಿನದೇ ಪ್ರಶ್ನೆ.
ಬೆರಳು ಮಡಚಿ ಎಣಿಸಿದರು:
'ಐದು. ಮೈ ನೆರೆಯೋತನ್ಕ.'

ಐದು ಎಂದು ತುಂಬಿದೆ.
ಅವರು ಪೇಪರಿನಿಂದ ಕಾಲು ತೆಗೆದಿರಲಿಲ್ಲ.
'ಅಲ್ಲಿ ತಳದಾಗೆ
ಕಳ್ಳಿ ಗಿಡ ಐತಾ, ಅದೊಂದು ಕೇಳು.'