ಪಟ್ಟಿಯಲ್ಲಿಲ್ಲದ ಉಸಿರು

ಲೆಸೊಥೊದ ಬೆಟ್ಟಗಳಲ್ಲಿ ರಸ್ತೆ ಮುಗಿದಲ್ಲಿಂದ
ನನ್ನ ಕುದುರೆಯ ಕೆಲಸ ಶುರು.
ಹನ್ನೊಂದು ವರ್ಷ ಕಫದ ಡಬ್ಬಿ ಹೊತ್ತು ಇಳಿದಿದ್ದೇನೆ,
ಮುಚ್ಚಳದ ಮೇಲೆ ಹೆಸರು, ಊರು, ತಾರೀಖು.
ಮೂರು ವಾರಕ್ಕೆ ಉತ್ತರ ಹತ್ತಿ ಬರುತ್ತಿತ್ತು.
ಕೆಲವು ಸಲ ಆಗಲೇ ಅಂಗಳದಲ್ಲಿ
ಸಾವಿನೂಟಕ್ಕೆ ಎತ್ತು ಕಡಿದಾಗಿರುತ್ತಿತ್ತು.
ಕಾಗದ ಜೇಬಲ್ಲೇ ಇಟ್ಟು ಉಂಡು ಬಂದಿದ್ದೇನೆ.

ಈ ಸಲ ತ್ಸುಕುಲುವಿನ ಬೆನ್ನ ಮೇಲೆ
ಹಿಟ್ಟಿನ ಚೀಲಕ್ಕಿಂತ ಹಗುರಾದೊಂದು ಪೆಟ್ಟಿಗೆ.
ಎದೆಯೊಳಗಿನ ಚಿತ್ರ ತೆಗೆಯುತ್ತದಂತೆ.
ಹೊಳೆ ದಾಟುವಾಗೆಲ್ಲ ನರ್ಸ್ ನ್ಥಾಟಿಸಿ
ಕೂಸಿಗೆಂಬಂತೆ ಅದಕ್ಕೊಂದು ಕೈ ಆನಿಸುತ್ತಾಳೆ.
ಜಾರಿದರೆ ನಾನು ಬಿದ್ದರೂ ಅಡ್ಡಿಯಿಲ್ಲವಂತೆ.
ನಗುತ್ತಲೇ ಅಂದಳು. ಕಣ್ಣಲ್ಲಿ ಅಷ್ಟು ನಗುವಿರಲಿಲ್ಲ.

ದನದ ದೊಡ್ಡಿಯ ಕಲ್ಲುಗೋಡೆಗೆ ಹಲಗೆ ಒರಗಿಸಿ
ಗಂಡಸರನ್ನು ಸಾಲಾಗಿ ನಿಲ್ಲಿಸಿದಳು.
ಮೊದಲು ಸೆಖೊಬೆ.
ಕಂಬಳಿ ತೆಗೆ ಅಂದಾಗ ನಾಚಿದ,
ಹೆಂಡತಿಯ ಹೊರತು ಆ ಪಕ್ಕೆಲುಬು ಎಣಿಸಿದವರಿಲ್ಲ.
“ಉಸಿರು ಎಳಕೊ. ಹಿಡಿ.”
ಹಿಡಿಯುವುದನ್ನು ಅವನಿಗೆ ಕಲಿಸಬೇಕೆ?
ಇಪ್ಪತ್ತಾರು ವರ್ಷ, ಗಡಿಯಾಚೆ, ಪಾತಾಳದಲ್ಲಿ,
ಮದ್ದು ಸಿಡಿದ ಮೇಲಿನ ದೂಳಿಗೆ
ಹಿಡಿದೂ ಹಿಡಿದೂ ರೂಢಿ.
ಬಿಡುವುದೇ ಈಗ ಕಷ್ಟ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಎದೆಗೂಡಿನದಕ್ಕೆ?

ಟ್ಯಾಬ್ಲೆಟ್ಟಿನಲ್ಲಿ ಮೂಡಿತು: ಎರಡು ಕಪ್ಪು ಗುಹೆ,
ಮೇಲ್ಗಡೆ ಹಿಟ್ಟು ಎರಚಿದಂಥ ಬಿಳುಪು.
ಯಂತ್ರ ತಾನಾಗಿಯೇ ಅದರ ಸುತ್ತ ಕೆಂಪು ಗೆರೆ ಎಳೆಯಿತು.
ಸೆಖೊಬೆ ಕಣ್ಣು ಕಿರಿದು ಮಾಡಿ,
“ಚಿನ್ನವೇನು ಅದು?” ಅಂದ.
ಸಾಲು ಗೊಳ್ಳೆಂದಿತು.
ನಗು ಕೆಮ್ಮಾಯಿತು, ಕೆಮ್ಮು
ಒಬ್ಬನಿಂದೊಬ್ಬನಿಗೆ ದಾಟಿ ದೊಡ್ಡಿಯ ಬಾಗಿಲ ತನಕ ಹೋಯಿತು.
“ಕಲ್ಲು,” ಅಂದಳು ನ್ಥಾಟಿಸಿ. “ಅದರ ಮರೆಯಲ್ಲಿ
ಕ್ಷಯವೂ ಕೂತಿರಬಹುದು. ಕಫ ಕೊಡು.
ಚೀಲದಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆಯಿದೆ,
ಕತ್ತಲಾಗುವುದರೊಳಗೆ ಹೇಳುತ್ತೆ.”

ಕತ್ತಲಾಗುವುದರೊಳಗೆ!
ಜೇಬಲ್ಲಿ ಉಳಿದ ಕಾಗದಗಳೆಲ್ಲ ನೆನಪಾದವು.

ಇಳಿಹೊತ್ತಿಗೆ ಬ್ಯಾಟರಿಯಲ್ಲಿ ಒಂದೇ ಗೀಟು.
ಪೆಟ್ಟಿಗೆ ಮುಚ್ಚಿ ನಾನು ಕೊಂಡಿ ಹಾಕುತ್ತಿದ್ದೆ,
ಸೆಖೊಬೆಯ ಹೆಂಡತಿ ಮಾಮೊಸಾ ಬಂದು
ಹಲಗೆಯ ಮುಂದೆ ನಿಂತಳು.
“ಗಣಿಗೆ ಹೋದವರಿಗೆ ಮಾತ್ರ, ಅಮ್ಮಾ.”
“ಪ್ರತಿ ಡಿಸೆಂಬರಿಗೂ ಅವನ ಬಟ್ಟೆ ಕೊಡವಿದ್ದು ಯಾರು?
ಇದೇ ಗೋಡೆಗೆ, ಬಡಿದೂ ಬಡಿದೂ.”

ನ್ಥಾಟಿಸಿ ಪಟ್ಟಿ ನೋಡಿದಳು, ಗೀಟು ನೋಡಿದಳು,
ನನ್ನನ್ನು ಯಾಕೆ ನೋಡಿದಳೋ.
ನಾನು ಕೊಂಡಿ ಬಿಚ್ಚಿದೆ.

ಮಾಮೊಸಾ ಕಂಬಳಿಯ ಪಿನ್ನು ಕಿತ್ತು
ಗಂಡನ ಕೈಗೆ ಕೊಟ್ಟು,
ಯಾರೂ ಹೇಳುವ ಮೊದಲೇ
ಉಸಿರು ಹಿಡಿದಳು.