ಮೈನಸ್ ಒಂದು

ಹೊಳೆನರಸೀಪುರ ಪುರಸಭೆಯ ಹಿಂದಿನ ಕೋಣೆ.
ಮೂವತ್ತೆಂಟು ಪೌರಕಾರ್ಮಿಕರ ಸೇವಾ ಪುಸ್ತಕ
ನನ್ನ ಮೇಜಿನ ಮೇಲೆ. ಒಂದೊಂದೇ ಬಿಚ್ಚಿ
ಹುಟ್ಟಿದ ತಾರೀಕು ಟೈಪು ಮಾಡುತ್ತಿದ್ದೇನೆ.
ಯಾರು ಯಾವತ್ತು ನಿವೃತ್ತಿ ಅನ್ನುವ ಪಟ್ಟಿ
ಸಂಜೆಯೊಳಗೆ ಹಾಸನಕ್ಕೆ ಹೋಗಬೇಕು.

ಪುಸ್ತಕದಲ್ಲಿದ್ದಂತೆ ಚುಕ್ಕಿ ಇಟ್ಟು ಬರೆದರೆ
ಒಪ್ಪುವುದಿಲ್ಲ ಈ ಹಾಳೆ.
೧.೬.೧೯೬೬ ಅಂದರೆ ಅದಕ್ಕೆ ಬರೀ ಅಕ್ಷರ,
ಎಡಗೋಡೆಗೆ ಒರಗಿ ಕೂತುಬಿಡುತ್ತದೆ.
ಕೂಡು ಅಂದರೆ ಕೂಡದು, ಕಳೆ ಅಂದರೆ ಕಳೆಯದು.
ಚುಕ್ಕಿ ಅಳಿಸಿ ಓರೆಗೆರೆ ಎಳೆದೆ,
ತಟಕ್ಕನೆ ಬಲಕ್ಕೆ ಸರಿಯಿತು.
ಈಗದು ದಿನ. ಒಳಹೊಕ್ಕು ನೋಡಿದರೆ ದಿನವೂ ಅಲ್ಲ,
ಇಪ್ಪತ್ನಾಲ್ಕು ಸಾವಿರದ ಇನ್ನೂರ ಐವತ್ತೊಂಬತ್ತು.
ಸಾವಿರದ ಒಂಬೈನೂರರ ಮೊದಲ ಬೆಳಗಿನಿಂದ
ಯಾರೋ ಬೆರಳು ಮಡಿಸುತ್ತಾ ಬಂದ ಲೆಕ್ಕ.
ಆ ವರ್ಷದ ಫೆಬ್ರವರಿಗೆ ಇಲ್ಲದ ಇಪ್ಪತ್ತೊಂಬತ್ತನ್ನೂ
ಸೇರಿಸಿಕೊಂಡೇ ಎಣಿಸಿದ್ದಾರಂತೆ;
ತಪ್ಪು ಅಂತ ಗೊತ್ತಾದ ಮೇಲೂ ತಿದ್ದಲಿಲ್ಲವಂತೆ.

ಮೂವತ್ತೆಂಟರಲ್ಲಿ ಇಪ್ಪತ್ತೆರಡು ಜನ
ಜೂನ್ ಒಂದಕ್ಕೇ ಹುಟ್ಟಿದವರು.
ಗಿಡ್ಡಯ್ಯ, ತಿರುಮಲಿ, ಕುಳ್ಳಮ್ಮ, ಜವರಮ್ಮ...
ಅದೆಂಥ ದಿನವಪ್ಪ, ಸೂಲಗಿತ್ತಿಯರಿಗೆ
ಬಿಡುವೇ ಇರಲಿಲ್ಲವೇನೋ ಅಂತ ನಕ್ಕೆ.

ನೆಲ ಒರೆಸುತ್ತಿದ್ದ ಜವರಮ್ಮ ಬಕೆಟ್ಟು ಇಳಿಸಿದಳು.
"ನಮ್ಮವ್ವ ಹೇಳೋಳು, ನಾ ಹುಟ್ಟಿದ್ದು ರಾಗಿ ಕುಯ್ಲಲ್ಲಿ,
ದೀವಳಿಗೆ ಕಳೆದು ಮೂರು ದಿನಕ್ಕೆ.
ಕೆಲ್ಸಕ್ಕೆ ಸೇರೋವಾಗ ಡಾಕ್ಟ್ರು ಬಾಯಿ ತೆಗಿ ಅಂದ್ರು,
ದನದ ಹಲ್ಲು ನೋಡ್ದಂಗೆ ನೋಡುದ್ರು, ಇಪ್ಪತ್ತೊಂದು ಅಂದ್ರು.
ಗುಮಾಸ್ತ ಜೂನ್ ಒಂದು ಅಂತ ಬರ್ಕೊಂಡ.
ಒಂದು ದವಡೆಹಲ್ಲು ಆಗ್ಲೇ ಬಿದ್ದೋಗಿತ್ತು ಮೇಡಮ್ಮೋರೇ,
ಇಲ್ದಿದ್ರೆ ಹತ್ತೊಂಬತ್ತು ಬರ್ಕೋತಿದ್ರೇನೋ."

ಸೂತ್ರ ಕಟ್ಟಿದೆ:
ಹುಟ್ಟಿದ ದಿನಕ್ಕೆ ಏಳುನೂರ ಇಪ್ಪತ್ತು ತಿಂಗಳು ಸೇರಿಸು,
ಆ ತಿಂಗಳ ಕೊನೆಯ ದಿನ ತಾ.
ತಂದಿತು. ಜೂನ್ ಮೂವತ್ತು.
ಚೌಕದ ಮೂಲೆಯ ಚುಕ್ಕಿ ಹಿಡಿದು ಕೆಳಕ್ಕೆಳೆದೆ,
ಮೂವತ್ತೆಂಟು ಮನೆಯಲ್ಲೂ ಒಂದೊಂದು ಕೊನೆ.
ಜವರಮ್ಮನದನ್ನು ಓದಿ ಹೇಳಿದೆ.
"ಜೂನ್ ಸಂಬ್ಳಾನೂ ಬತ್ತದೆ ಅನ್ನಿ. ಚೀಟಿ ಕೊನೇ ಕಂತು ಮುಗೀತದೆ."

ಬೆನ್ನ ಹಿಂದೆ ಮ್ಯಾನೇಜರ್ ಉಗ್ರೇಗೌಡರ ಕನ್ನಡಕ.
ಪೆನ್ನಿನ ತುದಿಯಲ್ಲಿ ಪರದೆ ಕುಟ್ಟಿದರು.
"ಒಂದನೇ ತಾರೀಕು ಹುಟ್ಟಿದವರಿಗೆ
ಹಿಂದಿನ ದಿನವೇ ಅರವತ್ತು ತುಂಬುತ್ತಮ್ಮ.
ಮೇ ಮೂವತ್ತೊಂದಕ್ಕೆ ಹೊರಗೆ. ರೂಲ್ಸು."
ಎರಡನೇ ತಾರೀಕು ಹುಟ್ಟಿದ್ದರೆ ಸಾರ್?
"ಆಗ ಜೂನ್ ಮೂವತ್ತು."

ಕಂಸದೊಳಗೆ ಹುಟ್ಟಿದ ದಿನದ ಪಕ್ಕ
ಮೈನಸ್ ಒಂದು ಇಟ್ಟೆ.
ಪೊರಕೆಯಿಂದ ಉದುರಿದ ಕಡ್ಡಿಯಷ್ಟು ಗೆರೆ.
ಇಪ್ಪತ್ತೆರಡು ಮನೆ ಒಟ್ಟಿಗೆ ಹಿಂದೆ ಸರಿದವು,
ಮಿಕ್ಕ ಹದಿನಾರು ಅಲ್ಲಾಡಲಿಲ್ಲ.
ಆ ಗುಮಾಸ್ತ ಯಾರೋ, ಇದ್ದಾನೋ ಇಲ್ಲವೋ.
ಒಂದರ ಬದಲು ಎರಡು ಬರೆಯಲು
ಅವನ ಪೆನ್ನಿಗೆ ಎಷ್ಟು ಮಸಿ ಬೇಕಿತ್ತು?

ಮೇ ಮೂವತ್ತೊಂದು ಅಂದೆ.
ಜವರಮ್ಮ ಒರೆಸುವ ಬಟ್ಟೆ ಹಿಂಡಿದಳು.
"ಸರಿ ಬುಡಿ. ಜೂನ್ ಒಂದ್ನೇ ತಾರೀಕು
ನನ್ ಹುಟ್ಟಿದಬ್ಬ ಮನೇಲೇ ಆಯ್ತು."

ನನ್ನ ಹೆಸರು ಈ ಪಟ್ಟಿಯಲ್ಲಿಲ್ಲ.
ಮಾರ್ಚಿಗೆ ಗುತ್ತಿಗೆ ಮುಗಿಯುತ್ತದೆ, ಅದಕ್ಕೆ ಸೂತ್ರ ಬೇಡ.

ಕಳಿಸುವ ಮುಂಚೆ, ಯಾಕೋ,
ಜನ್ಮದಿನಾಂಕದ ಪಕ್ಕ ಹೊಸ ಕಾಲಂ ತೆರೆದು
ಅವಳ ಸಾಲಿನಲ್ಲಿ ಬರೆದೆ:
ರಾಗಿ ಕುಯ್ಲು, ದೀವಳಿಗೆ ಕಳೆದು ಮೂರು ದಿನ.
ಅದು ಎಡಗೋಡೆಗೆ ಒರಗಿ ಕೂತಿತು. ಕೂರಲಿ ಅಂತ ಬಿಟ್ಟೆ.

ಕಾಲಂ ಅಡಗಿಸಿ ಮೇಲ್ ಮಾಡಿದೆ.
ಸಿ ಆದ ಮೇಲೆ ಇ ಬರುತ್ತದೆ, ನಡುವೆ ಡಿ ಇಲ್ಲ.
ಹಾಸನದಲ್ಲಿ ಇನ್ನೂ ಯಾರೂ ಕೇಳಿಲ್ಲ.