ಕೊನೆಯ ಡೋಸಿನ ಕಾಗದ

ಈ ಕೌಂಟಿಯಲ್ಲಿ ಬಿಡುಗಡೆ ಅಂದರೆ
ರಾತ್ರಿ ಹನ್ನೆರಡು ಗಂಟೆ ಒಂದು ನಿಮಿಷ.
ಶಿಕ್ಷೆ ಮುಗಿದವನಿಗೆ ಬೆಳಗಿನ ತಿಂಡಿ ಹಾಕುವ ಖರ್ಚು
ಯಾರಿಗೆ ಬೇಕು?
ವ್ಯಾನಿನ ಹೀಟರ್ ಹಾಕಿಕೊಂಡು ಕಾಯುತ್ತೇನೆ.
ಬೇಲಿಯಾಚೆ ಚಮೀಸಾ ಪೊದೆಗಳು ಹಿಮ ಹೊತ್ತು ಕೂತಿವೆ.

ಎಲಿಸೆಯೋ ಮಾಂಡ್ರಗೋನ್ ಹೊರಬಂದ.
ಜುಲೈಯಲ್ಲಿ ಒಳಹೋದವನು ಜನವರಿಯಲ್ಲಿ
ಜುಲೈ ಅಂಗಿಯಲ್ಲೇ.
ಕೈಯಲ್ಲಿ ಪ್ಲಾಸ್ಟಿಕ್ ಚೀಲ: ಬೆಲ್ಟು, ಸತ್ತ ಫೋನು,
ಒಂದು ನಾಯಿಯ ಕೊರಳಪಟ್ಟಿ.
ಯಾಕೆ ಅಂತ ನಾನು ಕೇಳಲಿಲ್ಲ.

ಕೇಳಿದ್ದು ಇಷ್ಟೇ: ಕಾಗದ ಕೊಟ್ಟರಾ?
ಯಾವ ಕಾಗದ, ಅಂದ.

ಆ ಕಾಗದ, ಮಾರಾಯ.
ಕೊನೆಯ ಡೋಸ್ ಯಾವತ್ತು, ಎಷ್ಟು ಮಿಲಿಗ್ರಾಂ,
ಕೆಳಗೊಂದು ಸಹಿ. ಅಂಗೈಯಗಲ ಇರುತ್ತದೆ.
ಅದಿಲ್ಲದೆ ಹೋದರೆ ಬೆಳಿಗ್ಗೆ ಆ ಕಿಟಕಿಗೆ ನೀನು ಹೊಸಬ.
ಇವತ್ತು ಶನಿವಾರ ಹುಟ್ಟಿ ಹತ್ತು ನಿಮಿಷ.
ಹೊಸಬರನ್ನು ನೋಡುವುದು ಸೋಮವಾರ.

ಸೋಮವಾರ ಎಷ್ಟು ದೂರ ಅಂತ ನನಗೆ ಗೊತ್ತು.
ನನ್ನ ತಮ್ಮ ನಸಾರ್ಯೋ ಹೊರಟಿದ್ದೂ ಅಲ್ಲಿಗೇ.
ಆಗೆಲ್ಲ ಒಳಗೆ ಔಷಧಿ ಕೊಡುತ್ತಿರಲಿಲ್ಲ,
ಗೋಡೆ ಕೊಡುತ್ತಿದ್ದರು, ತಲೆ ಚಚ್ಚಿಕೊಳ್ಳಲಿಕ್ಕೆ.
ನಾಲ್ಕು ತಿಂಗಳಲ್ಲಿ ಮೈ ಎಲ್ಲ ಮರೆತಿತ್ತು,
ಕೈ ಮಾತ್ರ ಹಳೆಯ ಅಳತೆ ಮರೆತಿರಲಿಲ್ಲ.
ಜೇಬಿನಲ್ಲಿ ಚೀಟಿ ಸಿಕ್ಕಿತು: ಸೋಮವಾರ, ಒಂಬತ್ತೂ ಕಾಲು.
ಅದೀಗ ನನ್ನ ವ್ಯಾನಿನ ಬಿಸಿಲುಮರೆಯ ಹಿಂದಿದೆ.
ಎಲಿಸೆಯೋಗೆ ತೋರಿಸಲಿಲ್ಲ. ತೋರಿಸಿ ಏನು ಮಾಡಲಿ.

ಮತ್ತೆ ಒಳಗೆ ಹೋದೆವು. ಅವನ ಕಾಲು
ಹೊಸ್ತಿಲ ಹತ್ತಿರ ನಿಂತುಬಿಟ್ಟಿತು; ನಾನೊಬ್ಬಳೇ ಹೋದೆ.
"ಫ್ಯಾಕ್ಸ್ ಮಾಡಿಯಾಗಿದೆ," ಅಂದ ಮೇಜಿನವನು.
ಯಾವ ನಂಬರಿಗೆ?
ಓದಿದ. ಕ್ಲಿನಿಕ್ಕು ಆ ಕಟ್ಟಡ ಬಿಟ್ಟು ಎರಡು ವರ್ಷ.
ಎರಡು ವರ್ಷದಿಂದ ಒಬ್ಬ ಟೈರ್ ಅಂಗಡಿಯವನು
ನಮ್ಮ ಹುಡುಗರ ಮಿಲಿಗ್ರಾಂ ಲೆಕ್ಕ ಓದುತ್ತಿದ್ದಾನೆ.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ,
ಇಲ್ಲಿಯ ಪೂಜಾರಿಗೆ ಟೋನರ್ ಬೇರೆ ಮುಗಿದಿತ್ತು.
ಕೈಯಲ್ಲೇ ಬರೆದುಕೊಡು, ಅಂದೆ.
ನರ್ಸ್ ಎಬ್ಬಿಸು, ಅಂದೆ.
ಅಲ್ಲೇ ಕುರ್ಚಿ ಎಳೆದು ಕೂತೆ.

ಎರಡೂ ಮುಕ್ಕಾಲಿಗೆ ಕಾಗದ ಬಂತು, ಬೆಚ್ಚಗೆ ಏನಿರಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಹಸಿಮೆಣಸಿನ ಬುರಿಟೋ ತಿಂದ,
ಅರ್ಧ ತಿಂದು ಅರ್ಧ ಜೇಬಿಗಿಟ್ಟ, ಒಳಗಿನ ಅಭ್ಯಾಸ.
ವಿಮೆ ಕಾರ್ಡಿನ ಕತೆ ಹೇಳಿದೆ:
ನೀನು ಒಳಹೋದ ದಿನ ಅದನ್ನೂ ಮಲಗಿಸಿದರು.
ನೀನು ಎದ್ದು ಬಂದೆ, ಅದು ಏಳಲಿಲ್ಲ.
ಸೋಮವಾರ ಎಂಟಕ್ಕೆ ಫೋನು ಹಿಡಿದು ಕೂರೋಣ,
ಅವರ ಪಿಟೀಲು ಸಂಗೀತ ನನಗೆ ಬಾಯಿಪಾಠ.
ಅವನು ನಕ್ಕನೋ, ಚಳಿಗೆ ಹಲ್ಲು ಕಡಿದನೋ.

ಐದೂವರೆಗೆ ಸಾಲು.
ಛಾವಣಿ ಕೆಲಸದ ಬೂಟಿನವನೊಬ್ಬ,
ಜಪಮಾಲೆ ಹಿಡಿದ ಅಜ್ಜಿಯೊಬ್ಬಳು, ತನಗೇ, ಮೊಮ್ಮಗನಿಗಲ್ಲ,
ನಿದ್ದೆ ಮಗುವನ್ನು ಹೆಗಲಿಗೆ ಹಾಕಿಕೊಂಡ ಹುಡುಗಿ.
ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ ಇಲ್ಲಿ,
ಚಪ್ಪಲಿ ಬೂಟುಗಳಿಗೆ ಮಾತ್ರ ಪರಿಚಯ.

ಮಿಸ್ ಬೆನವೀದೆಸ್ ಕಾಗದವನ್ನು ಬೆಳಕಿಗೆ ಹಿಡಿದಳು.
ಉಸಿರು ಬಿಡದೆ ನಿಂತೆ.
ಸಹಿ ಓದಲಾಗುತ್ತಿಲ್ಲ, ಅಂದಳು. ಆಮೇಲೆ,
ಯಾರದ್ದು ತಾನೇ ಓದಲಾಗುತ್ತದೆ, ಅಂತ
ಕೆಂಪು ನೀರಿನ ಪುಟ್ಟ ಲೋಟ ತಳ್ಳಿದಳು.

ಅವನು ಕುಡಿದ.
ಕುಡಿದವನೇ ಕೈ ಬೆನ್ನ ಹಿಂದೆ ಕಟ್ಟಿ,
ಬಾಯಿ ತೆರೆದು, ನಾಲಗೆ ಎತ್ತಿ
ಕಣ್ಣು ಮುಚ್ಚಿ ನಿಂತುಬಿಟ್ಟ.
ಆರು ತಿಂಗಳು ದಿನಾ ಹಾಗೆ ನಿಲ್ಲಿಸಿದ್ದರು.

ಬೇಡಪ್ಪ, ಅಂದಳು. ಅದೆಲ್ಲ ಇಲ್ಲ ಇಲ್ಲಿ.
ನುಂಗಿದ್ದು ಗೊತ್ತಾಗಬೇಕಷ್ಟೆ. ಏನಾದರೂ ಮಾತಾಡು.

ಬಹಳ ಹೊತ್ತು ಯೋಚಿಸಿದ.
ಹಿಂದಿನ ಸಾಲು ಕಾಲು ಬದಲಿಸಿತು.
"ಪಿನ್ಯೋನ್," ಅಂದ.
"ನಾಯಿ. ಇದೆಯೋ ಇಲ್ಲವೋ."

ನನ್ನ ಸರದಿ ಬಂತು.
ವಾರಕ್ಕೊಮ್ಮೆ ಬಂದರೆ ಸಾಕು ಅನ್ನುವಷ್ಟು ನಂಬಿಕೆ
ಏಳು ವರ್ಷದಲ್ಲಿ ಗಳಿಸಿದ್ದೇನೆ.
ಕುಡಿದು, ಯಾವಾಗಲೂ ಹೇಳುವುದನ್ನೇ ಹೇಳಿದೆ:
ವ್ಯಾನು ಅಡ್ಡ ನಿಲ್ಲಿಸಿ ಬಂದಿದ್ದೀನಿ, ಬೇಗ.